ಚಿರಂಜೀವಿಯ ಮರಣ: ಬಿ.ಎಂ.ಶ್ರೀ. ಅವರ ರುದ್ರನಾಟಕಗಳಲ್ಲಿ ಗ್ರೀಕ್ ಮಾದರಿಯ ಲಾಭನಷ್ಟ

ತುರುವೇಕೆರೆಯಿಂದ ಮಾಯಸಂದ್ರವನ್ನು ಹಾಯ್ದು ದಕ್ಷಿಣಕ್ಕೆ ಇಳಿಯುವ ದಾರಿ ತೆಂಗಿನ ತೋಟಗಳ ನಡುವೆ ಸಾಗಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಸೀಮೆಯನ್ನು ಮುಟ್ಟುತ್ತದೆ. ಬಿ.ಎಂ. ಶ್ರೀಕಂಠಯ್ಯನವರು 1884ರ ಜನವರಿ 3ರಂದು ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಅವರ ಹೆಸರಿನ ಮೊದಲ ಅಕ್ಷರವಾಗಿ ನಿಂತ ಊರು ಬೆಳ್ಳೂರು. ಉತ್ತರಕ್ಕೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ ತೀ.ನಂ. ಶ್ರೀಕಂಠಯ್ಯನವರದು. ಒಬ್ಬರು ಗ್ರೀಕ್ ರುದ್ರನಾಟಕವನ್ನು ಕನ್ನಡಕ್ಕೆ ತಂದರು. ಇನ್ನೊಬ್ಬರು 1953ರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ರಸಸಿದ್ಧಾಂತವನ್ನು ಕನ್ನಡದ ವಿದ್ಯಾರ್ಥಿಗೆ ನಿಲುಕುವಂತೆ ನಿರೂಪಿಸಿದರು. ಒಂದೇ ಸೀಮೆಯ ಈ ಇಬ್ಬರ ಕೆಲಸವನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮೊದಲನೆಯವರ ಸಾಹಸ ಎಷ್ಟು ಕಠಿನವಾದುದು ಎಂಬುದು ತಿಳಿಯುತ್ತದೆ.

ಶೋಕವನ್ನು ಕಂಡು ಸಹೃದಯ ಏಕೆ ಸುಖಿಸುತ್ತಾನೆ ಎಂಬ ಪ್ರಶ್ನೆಯನ್ನು ಭಾರತೀಯ ಆಲಂಕಾರಿಕರು ಕರುಣರಸದ ಸಂದರ್ಭದಲ್ಲಿ ಎತ್ತಿಕೊಂಡು ಉತ್ತರ ಹೇಳಿದ್ದಾರೆ. ಅರಿಸ್ಟಾಟಲನ ಉತ್ತರದ ಪದ ಕೆಥಾರ್ಸಿಸ್. ಅದು ವೈದ್ಯದ ಪದ, ದೇಹದ ದೋಷವನ್ನು ಹೊರಹಾಕುವ ಚಿಕಿತ್ಸೆಯ ರೂಪಕ ಎಂದು 1857ರಲ್ಲಿ ಜರ್ಮನಿಯ ಯಾಕೋಬ್ ಬೆರ್ನೇಸ್ ವಾದಿಸಿದ ಮೇಲೆ ಯುರೋಪಿನ ವಿಮರ್ಶೆ ಆ ಅರ್ಥವನ್ನು ಕೈಬಿಡಲಿಲ್ಲ. ಕನ್ನಡದಲ್ಲಿ ಅದಕ್ಕೆ ‘ಭಾವವಿರೇಚನ’ ಎಂಬ ಪದ ಬಳಕೆಗೆ ಬಂತು. ಪಂಚಕರ್ಮದ ಹೆಸರನ್ನು ಬಲ್ಲ ಓದುಗನಿಗೆ ಅದು ಪರಕೀಯವೆನಿಸಲಿಲ್ಲ. ಆದರೆ ಪದ ಸಿಕ್ಕ ಮಾತ್ರಕ್ಕೆ ವಸ್ತು ಸಿಕ್ಕಂತಾಗುವುದಿಲ್ಲ. ಈ ಬಗೆಯ ನಾಟಕವನ್ನು ಕರುಣದ ಹೆಸರಿನಿಂದ ಕರೆಯದೆ ಬಿ.ಎಂ.ಶ್ರೀ. ‘ರುದ್ರ’ ಎಂದರು. ಶೋಕಕ್ಕಿಂತ ಹೆಚ್ಚಾಗಿ ಭೀಷಣವಾದ, ದೈವವೇ ಎದುರು ನಿಂತ ಒಂದು ಅಂತ್ಯ ಅವರ ಕಣ್ಣ ಮುಂದಿತ್ತು ಎಂಬುದಕ್ಕೆ ಈ ಹೆಸರೇ ಸಾಕ್ಷಿ.

ಇಲ್ಲಿ ‘ಅಂತ್ಯ’ ಎಂಬ ಮಾತಿಗೆ ಒತ್ತು ಕೊಡಬೇಕು. ಗ್ರೀಕ್ ರುದ್ರನಾಟಕಕ್ಕೆ ಮುಗಿಯುವ ಕಾಲ ಬೇಕು. ಒಂದು ಹಗಲಿನಲ್ಲಿ ಒಬ್ಬ ದೊಡ್ಡ ಮನುಷ್ಯನ ಲೆಕ್ಕ ತೀರಿಹೋಗಬೇಕು. ಕರ್ಮವನ್ನು, ಜನ್ಮಾಂತರವನ್ನು, ಶಾಪ ಮತ್ತು ವಿಮೋಚನೆಯನ್ನು ನಂಬಿದ ಕಥೆಗಳಲ್ಲಿ ಲೆಕ್ಕ ಅಷ್ಟು ಬೇಗ ತೀರುವುದಿಲ್ಲ. ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣನನ್ನು ಕುರಿತು ಬಿ.ಎಂ.ಶ್ರೀ. ಇಂಗ್ಲಿಷಿನಲ್ಲಿ ಬರೆದ ‘ಎ ಟ್ರ್ಯಾಜಿಕ್ ರಾವಣ’ ಎಂಬ ಪ್ರಬಂಧದಲ್ಲಿಯೇ ಈ ತೊಡಕು ಇದೆ. ಸೀತೆಯ ದೃಢತೆಯನ್ನು ಕಂಡು ಮನಸ್ಸು ತಿರುಗಿದ ಈ ರಾವಣ ಅವಳನ್ನು ಒಪ್ಪಿಸಲು ನಿಶ್ಚಯಿಸುತ್ತಾನೆ. ಆದರೆ ರಾಮನನ್ನು ಗೆದ್ದ ಮೇಲೆಯೇ ಒಪ್ಪಿಸುತ್ತೇನೆಂಬ ಛಲ ಅವನನ್ನು ನುಂಗುತ್ತದೆ. ಬಿ.ಎಂ.ಶ್ರೀ. ಇದನ್ನು ಗ್ರೀಕ್ ನಾಯಕನ ಪತನವಾಗಿ ಓದಿದ್ದು ಬಹು ದೊಡ್ಡ ಕಾಣ್ಕೆ. ಆದರೆ ಜೈನಕವಿಗೆ ರಾವಣನ ಮರಣ ಕಥೆಯ ಕೊನೆಯಲ್ಲ. ಭವಾವಳಿಯಲ್ಲಿ ಅದು ಒಂದು ನಿಲುಗಡೆ ಮಾತ್ರ. ವಿಮರ್ಶಕ ಅಲ್ಲಿ ಪುಸ್ತಕ ಮುಚ್ಚಿದ್ದರಿಂದಲೇ ರಾವಣ ದುರಂತನಾಯಕನಾದ ಎನ್ನಬೇಕಾಗುತ್ತದೆ.

1926ರ ‘ಗದಾಯುದ್ಧ ನಾಟಕಂ’ ಇದೇ ಮುಚ್ಚುವ ಕಲೆಯ ಫಲ. ಮೂರು ನಾಟಕಗಳಲ್ಲಿ ಅತ್ಯಂತ ಸಹಜವಾಗಿ ಕೈಗೂಡಿದ್ದೂ ಇದೇ. ರನ್ನನ ಕಾವ್ಯಕ್ಕೆ ‘ಸಾಹಸಭೀಮವಿಜಯ’ ಎಂಬ ಹೆಸರೂ ಉಂಟು. ಭೀಮನನ್ನು ಆಶ್ರಯದಾತ ಸತ್ಯಾಶ್ರಯನೊಡನೆ ಸಮೀಕರಿಸಬೇಕಾದ ಹೊಣೆ ಕವಿಯ ಮೇಲಿತ್ತು. ಆದರೂ ಹೆಣಗಳ ನಡುವೆ ನಡೆದು ದುಶ್ಶಾಸನನಿಗಾಗಿ, ಕರ್ಣನಿಗಾಗಿ ಮರುಗುವ, ಶತ್ರುವಿನ ಮಗ ಅಭಿಮನ್ಯುವಿನ ಸಾಹಸಕ್ಕೆ ತಲೆಬಾಗುವ ದುರ್ಯೋಧನ ರನ್ನನ ಕೈಯಲ್ಲೇ ಹೆಸರಿನ ನಾಯಕನಿಗಿಂತ ಎತ್ತರಕ್ಕೆ ಬೆಳೆದುಬಿಟ್ಟಿದ್ದ. ಆಸ್ಥಾನದ ಹೊಣೆಯಿಲ್ಲದ ಬಿ.ಎಂ.ಶ್ರೀ. ರನ್ನನ ಮಾತುಗಳನ್ನೇ ಆಯ್ದು, ಕತ್ತರಿಸಿ, ಜೋಡಿಸಿದರು. ಹೊರಗಿನಿಂದ ಬಂದದ್ದು ಕತ್ತರಿ ಮಾತ್ರ. ಬಟ್ಟೆ ಹತ್ತನೆಯ ಶತಮಾನದ ಕನ್ನಡದ್ದು.

1929ರ ‘ಅಶ್ವತ್ಥಾಮನ್’ ವಿಷಯದಲ್ಲಿ ಹಾಗೆ ಹೇಳಲಾಗದು. ಇಲ್ಲಿ ಸೋಫೋಕ್ಲೀಸನ ‘ಅಜಾಕ್ಸ್’ ನಾಟಕದ ಅಚ್ಚಿಗೆ ಸೌಪ್ತಿಕ ಪರ್ವದ ಲೋಹವನ್ನು ಎರೆಯಲಾಗಿದೆ. ಅಕಿಲೀಸನ ಆಯುಧಗಳು ತನಗೆ ದಕ್ಕದೆ ಒಡೀಸಿಯಸನಿಗೆ ದಕ್ಕಿದ ಅವಮಾನದಿಂದ ಕುದಿದ ಅಜಾಕ್ಸ್, ಅಥೀನಾ ದೇವಿ ಕವಿಸಿದ ಮರುಳಿನಲ್ಲಿ ದನಕುರಿಗಳನ್ನು ಗ್ರೀಕ್ ನಾಯಕರೆಂದು ಭ್ರಮಿಸಿ ಕಡಿಯುತ್ತಾನೆ. ಮರುಳು ಇಳಿದಾಗ ನಾಚಿಕೆಯನ್ನು ತಾಳಲಾರದೆ ಹೆಕ್ಟರ್ ಕೊಟ್ಟ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಇತ್ತ ಭಾರತದಲ್ಲಿ ರುದ್ರನೇ ಆವೇಶಗೊಂಡ ಅಶ್ವತ್ಥಾಮ ನಿದ್ರಿಸುತ್ತಿದ್ದವರನ್ನು ಇರಿದು ಕೊಲ್ಲುತ್ತಾನೆ. ಇಬ್ಬರ ನಡುವಣ ಸಾಮ್ಯ ಹೊರಮೈಯದಲ್ಲ. ಗೌರವಕ್ಕಾಗಿ ಬದುಕಿದ ಯೋಧ ದೈವಾವೇಶದಲ್ಲಿ ಅಗೌರವದ ಕೆಲಸ ಮಾಡಿ, ಬೆಳಕು ಹರಿದಾಗ ಅದರ ಎದುರು ನಿಲ್ಲುತ್ತಾನೆ. ಈ ಸಾಮ್ಯವನ್ನು ಕಂಡದ್ದೇ ಪ್ರತಿಭೆ.

ಮುಂದಿನ ಹೆಜ್ಜೆ ವಿವಾದಾಸ್ಪದವಾಯಿತು. ಅಶ್ವತ್ಥಾಮ ಏಳು ಮಂದಿ ಚಿರಂಜೀವಿಗಳಲ್ಲಿ ಮೊದಲು ನೆನೆಯಲ್ಪಡುವವನು; ಅವನನ್ನು ನಾಟಕಕಾರರು ಸಾಯಿಸಿದರು. ಪುರಾಣವನ್ನು ಮುರಿದರೆಂಬ ಆಕ್ಷೇಪ ಬಂತು. ಕವಿಗೆ ಸ್ವಾತಂತ್ರ್ಯವಿದೆ ಎಂಬ ಸಮರ್ಥನೆಯೂ ಬಂತು. ಎರಡೂ ಮುಖ್ಯ ಪ್ರಶ್ನೆಯನ್ನು ಬದಿಗಿಟ್ಟ ವಾದಗಳೇ. ಪುರಾಣಭಂಜನೆ ಅಷ್ಟು ದೊಡ್ಡ ಅಪರಾಧವಲ್ಲ; ಪಂಪ, ರನ್ನರ ನಾಡಿನಲ್ಲಂತೂ ಅಲ್ಲ. ಬಿಟ್ಟುಕೊಟ್ಟದ್ದೇನು ಎಂಬುದೇ ಕೇಳಬೇಕಾದ ಪ್ರಶ್ನೆ. ವ್ಯಾಸನ ಅಶ್ವತ್ಥಾಮನಿಗೆ ಸಾವಿಲ್ಲ. ಶಿರೋಮಣಿಯನ್ನು ಕಳೆದುಕೊಂಡು, ರಕ್ತ ಕೀವುಗಳ ನಾತ ಹೊತ್ತು, ಮಾತನಾಡಿಸುವವರಿಲ್ಲದೆ ಮೂರು ಸಾವಿರ ವರ್ಷ ಅಲೆಯೆಂಬುದು ಕೃಷ್ಣನ ಶಾಪ. ಅಜಾಕ್ಸನಿಗೆ ಕತ್ತಿ ಒಂದು ಬಿಡುಗಡೆ; ಈತನಿಗೆ ಆ ಬಾಗಿಲೂ ಮುಚ್ಚಿದೆ. ಭೀಷಣತೆಯೇ ರುದ್ರದ ಲಕ್ಷಣವಾದರೆ ಮೂಲದ ಶಾಪವೇ ಸಾವಿಗಿಂತ ರುದ್ರ. ಗ್ರೀಕ್ ಮಾದರಿಗೆ ನಿಷ್ಠರಾಗಿ ಬಿ.ಎಂ.ಶ್ರೀ. ತಮ್ಮ ಕೈಯಲ್ಲಿದ್ದ ಹೆಚ್ಚು ಘೋರವಾದ ಅಂತ್ಯವನ್ನು, ಅಂತ್ಯವೇ ಇಲ್ಲದ ಅಂತ್ಯವನ್ನು, ಬಿಟ್ಟುಕೊಟ್ಟರು.

ಪ್ರತಿಯಾಗಿ ಪಡೆದದ್ದೂ ಅಲ್ಪವಲ್ಲ. ‘ಅಜಾಕ್ಸ್’ ನಾಟಕದ ಉತ್ತರಾರ್ಧ ನಾಯಕ ಸತ್ತ ಮೇಲಿನದು. ಅವನ ದೇಹಕ್ಕೆ ಸಂಸ್ಕಾರ ಸಲ್ಲಬಾರದೆಂದು ಅರಸರು ಅಡ್ಡ ನಿಂತಾಗ ಮಲತಮ್ಮ ಟ್ಯೂಸರ್ ಕಾದು ನಿಲ್ಲುತ್ತಾನೆ. ಕೊನೆಗೆ ಹಗೆಯಾಗಿದ್ದ ಒಡೀಸಿಯಸನೇ ಸತ್ತವನ ಪರವಾಗಿ ಮಾತನಾಡುತ್ತಾನೆ. ಶತ್ರುವೂ ಸತ್ತ ಮೇಲೆ ಮನುಷ್ಯನೆಂಬ ಈ ಅರಿವು ಚಿರಂಜೀವಿಯ ಕಥೆಯಲ್ಲಿ ಹುಟ್ಟಲಾರದು, ಏಕೆಂದರೆ ಅಲ್ಲಿ ಹೆಣವೇ ಇಲ್ಲ. ಟ್ಯೂಸರನ ಸ್ಥಾನಕ್ಕೆ ಬಿ.ಎಂ.ಶ್ರೀ. ತಂದದ್ದು ಏಕಲವ್ಯನನ್ನು. ದ್ರೋಣ ಯಾರ ಹೆಬ್ಬೆರಳನ್ನು ಕೇಳಿ ಪಡೆದನೋ ಆತನೇ ದ್ರೋಣನ ಮಗನ ಪಕ್ಕದಲ್ಲಿ ನಿಲ್ಲುವ ಚಿತ್ರ ಸೋಫೋಕ್ಲೀಸನಲ್ಲಿ ಇರಲು ಸಾಧ್ಯವಿಲ್ಲ; ವ್ಯಾಸನಲ್ಲಿಯೂ ಇಲ್ಲ. ಮಾದರಿಯ ಒಂದು ಖಾಲಿ ಜಾಗ ತುಂಬಲು ಹೋಗಿ ದೊರೆತ ಈ ಸಂಪತ್ತನ್ನು ನಾಟಕ ಇನ್ನೂ ಹೆಚ್ಚಾಗಿ ಬಳಸಿಕೊಳ್ಳಬಹುದಿತ್ತು. ಏಕಲವ್ಯನನ್ನೇ ರುದ್ರನಾಟಕದ ನಡುವೆ ನಿಲ್ಲಿಸುವ ಕೆಲಸ 1947ರಲ್ಲಿ ಕುವೆಂಪು ಅವರ ‘ಬೆರಳ್‌ಗೆ ಕೊರಳ್’ಗಾಗಿ ಕಾದಿತ್ತು.

ನಾಯಕನ ಮರಣವನ್ನು ರಂಗದ ಮೇಲೆ ತೋರಿಸುವುದು ನಮ್ಮ ಸಂಪ್ರದಾಯಕ್ಕೆ ಒಗ್ಗದೆಂಬ ಮಾತನ್ನೂ ಇಲ್ಲಿಯೇ ನೋಡಿಬಿಡಬೇಕು. ಅದು ಸಂಸ್ಕೃತ ಲಕ್ಷಣಗ್ರಂಥಗಳ ವಿಧಿ. ಭಾಸನ ‘ಊರುಭಂಗ’ ಅದನ್ನು ಮೀರಿದೆ. ತಿಪಟೂರು, ತುರುವೇಕೆರೆ, ನಾಗಮಂಗಲದ ಬಯಲುಗಳಲ್ಲಿ ರಾತ್ರಿಯಿಡೀ ಆಡುತ್ತಿದ್ದ ಮೂಡಲಪಾಯಕ್ಕಂತೂ ಆ ವಿಧಿಯ ಹಂಗಿರಲಿಲ್ಲ; ಪುಣ್ಯಶಿನಿಯಿಂದ ಕರಿಭಂಟ ಮಡಿಯುವ ಕಥೆ ಅದರ ಜನಪ್ರಿಯ ಆಟಗಳಲ್ಲೊಂದು. ಭಾಗವತ ಮತ್ತು ಹಿಮ್ಮೇಳದವರು ಕಥೆಯೊಳಗೂ ಹೊರಗೂ ಇರುವ ರೀತಿ ಗ್ರೀಕ್ ಮೇಳಕ್ಕೆ ಎಷ್ಟು ಹತ್ತಿರ! ಆದರೆ ಬಿ.ಎಂ.ಶ್ರೀ. ಅವರ ನಾಟಕದ ಭಾಷೆ ಹಳಗನ್ನಡದ ಗತ್ತಿನದು. ಅದು ವಿದ್ವಾಂಸರ ಓದಿಗೆ ಒದಗಿತೇ ಹೊರತು ತಾವು ಹುಟ್ಟಿದ ಸೀಮೆಯ ಬಯಲಿನ ಕಡೆಗೆ ತಿರುಗಲಿಲ್ಲ. ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಆಡುಮಾತಿನ ಹತ್ತಿರಕ್ಕೆ ಬಂದ ಅದೇ ಕೈ ರುದ್ರನಾಟಕದಲ್ಲಿ ಹಿಂದೆ ಸರಿದದ್ದು ವಿಚಿತ್ರವಾಗಿ ಕಾಣುತ್ತದೆ.

1935ರ ‘ಪಾರಸಿಕರು’ ಈ ಎಲ್ಲ ಹೊಂದಾಣಿಕೆಗಳನ್ನು ಬಿಟ್ಟು ನೇರ ಅನುವಾದದ ದಾರಿ ಹಿಡಿಯಿತು. ಕ್ರಿ.ಪೂ. 480ರ ಸಲಾಮಿಸ್ ನೌಕಾಯುದ್ಧವನ್ನು ಕುರಿತು ಈಸ್ಕಿಲಸ್ ಕ್ರಿ.ಪೂ. 472ರಲ್ಲಿ ಆಡಿಸಿದ ಈ ಕೃತಿ ಉಳಿದಿರುವ ಗ್ರೀಕ್ ನಾಟಕಗಳಲ್ಲಿ ಅತ್ಯಂತ ಹಳೆಯದೆಂದು ಎಣಿಕೆ. ಗೆದ್ದವರ ಕವಿ ಸೋತವರ ಅರಮನೆಯಲ್ಲಿ ನಿಂತು ಬರೆದದ್ದು ಅದರ ಹಿರಿಮೆ. ಅಥೆನ್ಸಿನವರ ಒಡೆಯ ಯಾರೆಂದು ಪರ್ಷಿಯದ ರಾಜಮಾತೆ ಕೇಳುತ್ತಾಳೆ. ಅವರು ಯಾರಿಗೂ ಆಳಲ್ಲವೆಂಬ ಅರ್ಥದ ಉತ್ತರ ಬರುತ್ತದೆ. ಬ್ರಿಟಿಷ್ ಅಧೀನದ ದೇಶೀ ಸಂಸ್ಥಾನವೊಂದರಲ್ಲಿ, ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಈ ಸಾಲನ್ನು ಕನ್ನಡದಲ್ಲಿ ಬರೆದಾಗ ಅದರ ಹಿಂದೆ ರಾಜಕೀಯ ಉದ್ದೇಶವಿತ್ತೆಂದು ಸಾಧಿಸಹೊರಡುವುದು ಅತಿಯಾದೀತು. ಓದುಗರಿಗೆ ಆ ಅರ್ಥ ಹೊಳೆಯಬಾರದೆಂದು ಹೇಳುವುದೂ ಅತಿಯೇ. ನಾಟಕದ ಕೊನೆಗೆ ಹರಿದ ಬಟ್ಟೆಯಲ್ಲಿ ಮರಳುವ ಜರ್ಕ್ಸೀಸನಿಗೆ ಸಾವು ಬರುವುದಿಲ್ಲ. ತಾನು ಮಾಡಿದ್ದನ್ನು ಹೊತ್ತು ಬದುಕಿ ಉಳಿಯುವುದೇ ಅವನ ಪಾಲು. ಮುದುಕರ ಮೇಳ ಮಡಿದವರ ಹೆಸರುಗಳನ್ನು ಒಂದೊಂದಾಗಿ ಹಿಡಿದು ಅವನನ್ನು ಕೇಳುತ್ತ ಹೋಗುತ್ತದೆ.