ಬೇವಿನ ಬೀಜದ ಕಹಿ

ಮೊಳಕಾಲ್ಮುರು ತಾಲ್ಲೂಕಿನ ರಾಂಪುರದ ಸುತ್ತ ಮಳೆ ಕಡಿಮೆ, ಬಿಸಿಲು ಜಾಸ್ತಿ. ಇಂಥ ನೆಲದಲ್ಲೂ ಬೇವು ಸೊಂಪಾಗಿ ನಿಲ್ಲುತ್ತದೆ. ಎಲೆ ತಿನ್ನುವ ಹುಳುಗಳಲ್ಲಿ ಹೆಚ್ಚಿನವು ಅದರ ತಂಟೆಗೆ ಬರುವುದಿಲ್ಲ.

1959ರಲ್ಲಿ ಸುಡಾನಿನ ಮೇಲೆ ಮಿಡತೆ ದಂಡು ಎರಗಿದಾಗ ಜರ್ಮನಿಯ ಕೀಟತಜ್ಞ ಹೈನ್‌ರಿಕ್ ಷ್ಮುಟರರ್ ಕಂಡದ್ದೂ ಇದನ್ನೇ: ಸುತ್ತಲಿನ ಹಸಿರು ಬೋಳಾದರೂ ಬೇವು ಉಳಿದಿತ್ತು. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ದ್ರಾವಣ ಮಿಡತೆಯನ್ನು ಬೆಳೆಯಿಂದ ದೂರವಿಡುತ್ತದೆಂದು ತೋರಿಸಿದರು. ಆ ಗುಣದ ಮುಖ್ಯ ಮೂಲವಾದ ಅಜಾಡಿರಾಕ್ಟಿನ್ ಅನ್ನು ವಿಜ್ಞಾನಿಗಳು 1968ರಲ್ಲಿ ಬೇರ್ಪಡಿಸಿದರು.

ಅದರ ಕೆಲಸ ಬೆರಗು ಹುಟ್ಟಿಸುವಂಥದ್ದು. ಹುಳುವಿಗೆ ಮೊದಲು ತಿನ್ನುವ ಆಸೆಯೇ ಹೋಗುತ್ತದೆ. ಹಾಗೂ ತಿಂದರೆ ಪೊರೆ ಕಳಚಿಸುವ ಹಾರ್ಮೋನು ಏರುಪೇರಾಗಿ ಬೆಳವಣಿಗೆ ನಿಲ್ಲುತ್ತದೆ. ಇಷ್ಟು ಜಟಿಲವಾದ ಅಣುವನ್ನು ಪ್ರಯೋಗಾಲಯದಲ್ಲಿ ಕಟ್ಟಲು ಕೇಂಬ್ರಿಡ್ಜ್‌ನ ಸ್ಟೀವನ್ ಲೇ ತಂಡಕ್ಕೆ 22 ವರ್ಷ ಹಿಡಿಯಿತು, ಮುಗಿದದ್ದು 2007ರಲ್ಲಿ.

ಹೊಲದಲ್ಲಿ ಮಾತ್ರ ವಿಧಾನ ಸರಳ. 5 ಕಿಲೋ ಬೀಜದ ತಿರುಳನ್ನು ಕುಟ್ಟಿ, ರಾತ್ರಿಯಿಡೀ ನೀರಲ್ಲಿ ನೆನೆಸಿ, ಸೋಸಿ, ನೀರು ಬೆರೆಸಿ 100 ಲೀಟರ್ ಮಾಡಿದರೆ ಶೇ 5ರ ಕಷಾಯ ಸಿದ್ಧ. ಬಿಸಿಲಿಗೆ ಅದರ ಸತ್ವ ಬೇಗ ಕೆಡುವುದರಿಂದ ಸಂಜೆ ಸಿಂಪಡಿಸಬೇಕು. ಶೇಂಗಾ ಬೆಳೆಯುವ ಈ ಸೀಮೆಯಲ್ಲಿ ಬೇಕಾದ ಬೀಜ ಮುಂಗಾರಿನ ಹೊತ್ತಿಗೆ ಬದುವಿನ ಮರದಡಿಯಲ್ಲೇ ಸಿಗುತ್ತದೆ.