ಒಂದು ಮನೆ, ಎರಡು ಪುಸ್ತಕ

ಮಕ್ಕಳು ಬರೆದ ತಂದೆತಾಯಿಗಳ ಜೀವನಚರಿತ್ರೆಯನ್ನು ನಾನು ಕೈಗೆತ್ತಿಕೊಳ್ಳುವುದು ಸ್ವಲ್ಪ ಅಳುಕಿನಿಂದಲೇ. ಬಹುಪಾಲು ಇವು ಶ್ರಾದ್ಧದ ಊಟದಂತೆ. ಭಕ್ತಿಯಿಂದ ಬಡಿಸಿರುತ್ತಾರೆ, ಉಪ್ಪುಖಾರದ ಮಾತನ್ನು ಯಾರೂ ಎತ್ತುವಂತಿಲ್ಲ. ಪರ್ಲ್ ಬಕ್ ತನ್ನ ತಾಯಿಯನ್ನು ಕುರಿತು ಬರೆದ ‘ದಿ ಎಕ್ಸೈಲ್’, ತಂದೆಯನ್ನು ಕುರಿತು ಬರೆದ ‘ಫೈಟಿಂಗ್ ಏಂಜೆಲ್’ ಇವೆರಡೂ ಈ ಮಾತಿಗೆ ಅಪವಾದ. ಎರಡೂ ಅಚ್ಚಾದದ್ದು 1936ರಲ್ಲಿ. 1938ರಲ್ಲಿ ಆಕೆಗೆ ನೊಬೆಲ್ ಬಹುಮಾನ ಬಂದಾಗ ಎಲ್ಲರ ಬಾಯಲ್ಲಿದ್ದದ್ದು ‘ಗುಡ್ ಅರ್ತ್’ ಕಾದಂಬರಿಯ ಹೆಸರು. ಆದರೆ ಬಹುಮಾನ ಕೊಟ್ಟವರು ಚೀನಾದ ರೈತಜೀವನದ ಚಿತ್ರಣದ ಜೊತೆಗೆ ಈ ಜೀವನಚರಿತ್ರೆಗಳನ್ನೂ ಎತ್ತಿ ಹೇಳಿದ್ದರು. ಕಾದಂಬರಿಯನ್ನು ಮೆಚ್ಚಿದವರಲ್ಲಿ ಎಷ್ಟು ಜನ ಇವುಗಳ ಬಾಗಿಲು ತಟ್ಟಿದ್ದಾರೆ ಎಂಬುದು ಅನುಮಾನವೇ.

ಕಥೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ಅಬ್ಸಲಮ್ ಸೈಡನ್‌ಸ್ಟ್ರಿಕರ್ ಮತ್ತು ಕ್ಯಾರೊಲಿನ್ ಅಮೆರಿಕದ ಪಶ್ಚಿಮ ವರ್ಜೀನಿಯದವರು, ಪ್ರೆಸ್‌ಬಿಟೀರಿಯನ್ ಪಂಗಡದವರು. 1880ರಲ್ಲಿ ಮದುವೆಯಾಗಿ, ಅದೇ ವರ್ಷ ಚೀನಾಕ್ಕೆ ಹಡಗು ಹತ್ತಿದರು. ಏಳು ಮಕ್ಕಳಾದವು, ನಾಲ್ಕು ಎಳೆಯ ವಯಸ್ಸಿನಲ್ಲೇ ಹೋದವು. ಯಾಂಗ್‌ಟ್ಸೆ ನದಿಯ ದಡದ ಝೆನ್‌ಜಿಯಾಂಗ್ ಊರಿನಲ್ಲಿ ಆಕೆ 1921ರಲ್ಲಿ ತೀರಿಕೊಂಡಳು. ಆತ ಅದೇ ದೇಶದಲ್ಲಿ 1931ರಲ್ಲಿ. ಪುಸ್ತಕಗಳಲ್ಲಿ ಅವರ ಹೆಸರು ಆಂಡ್ರೂ ಮತ್ತು ಕ್ಯಾರಿ. ನಾನೂ ಹಾಗೆಯೇ ಕರೆಯುತ್ತೇನೆ.

ಈ ಎರಡು ಕೃತಿಗಳ ಸ್ವಾರಸ್ಯವಿರುವುದು ದೊಡ್ಡ ಘಟನೆಗಳಲ್ಲಲ್ಲ, ಒಂದೇ ಮನೆಯ ಒಂದೇ ದಿನವನ್ನು ಎರಡು ಗಡಿಯಾರಗಳಿಂದ ಅಳೆದಿರುವುದರಲ್ಲಿ. ಆಂಡ್ರೂವಿನ ದಿನ ಬೆಳಗಿನ ಪ್ರಾರ್ಥನೆಯಿಂದ ಆರಂಭ. ಕೋಣೆಯ ಬಾಗಿಲು ಹಾಕಿಕೊಂಡು ಪ್ರಾರ್ಥಿಸಿ ತಿಂಡಿಗೆ ಬಂದು ಕುಳಿತಾಗ, ಒತ್ತಿ ಹಿಡಿದಿದ್ದ ಬೆರಳುಗಳ ಕೆಂಪು ಗುರುತು ಆತನ ಹಣೆಯ ಮೇಲೆ ಇನ್ನೂ ಇರುತ್ತಿತ್ತು. ಆಮೇಲೆ ಕತ್ತೆಯ ಮೇಲೋ ದೋಣಿಯಲ್ಲೋ ಹಳ್ಳಿಗಳ ಕಡೆಗೆ ಪಯಣ. ಹೋದರೆ ವಾರಗಟ್ಟಲೆ ಮನೆಯ ನೆನಪಿಲ್ಲ. ಕ್ಯಾರಿಯ ದಿನಕ್ಕೆ ಇಂಥ ಆದಿ ಅಂತ್ಯಗಳಿಲ್ಲ. ಗೋಡೆಗೆ ಸುಣ್ಣ, ಕಿಟಕಿಗೆ ಪರದೆ, ಮಕ್ಕಳ ಪಾಠ, ಬಾಗಿಲಿಗೆ ಬಂದ ಹೆಂಗಸರ ಹುಣ್ಣಿಗೆ ಔಷಧ, ಅವರ ಅತ್ತೆಮಾವಂದಿರ ಕಥೆಗೆ ಕಿವಿ, ಸಂಜೆ ತವರಿನಿಂದ ಬಂದ ಆರ್ಗನ್ ವಾದ್ಯದ ಮುಂದೆ ಒಂದಿಷ್ಟು ಹಾಡು. ಎಲ್ಲಿಗೆ ವರ್ಗವಾಗಿ ಹೋದರೂ ಮೊದಲು ಆಕೆ ಮಾಡುವ ಕೆಲಸ ಗುಲಾಬಿ ನೆಡುವುದು. ‘ದಿ ಎಕ್ಸೈಲ್’ ತೆರೆದೊಡನೆ ನಮಗೆ ಕಾಣುವುದೂ ಹಾಗೆ ತೋಟದಲ್ಲಿ ನಿಂತ ಆಕೆಯೇ.

ತಾಯಿಯ ಪುಸ್ತಕವನ್ನು ಲೇಖಕಿ ಮೊದಲು ಬರೆದದ್ದು ಪ್ರಕಟಣೆಗಲ್ಲ. ಸಾವಿನ ದುಃಖ ಆರುವ ಮೊದಲೇ, ತನ್ನ ಮಕ್ಕಳು ಅಜ್ಜಿಯನ್ನು ಅರಿಯಲಿ ಎಂದು ಬರೆದು ಪಕ್ಕಕ್ಕಿಟ್ಟದ್ದು. ಅದರ ಗುಣವೂ ದೋಷವೂ ಅಲ್ಲಿಂದಲೇ ಹುಟ್ಟಿವೆ. ಆಕೆ ಇಲ್ಲಿ ಮಗಳು ಮಾತ್ರವಲ್ಲ, ತಾಯಿಯ ವಕೀಲಳೂ ಹೌದು. ಕ್ಯಾರಿ ಎಲ್ಲಿಯೂ ತಪ್ಪುವುದಿಲ್ಲ. ಆಂಡ್ರೂ ಎಲ್ಲಿಯೂ ಅರ್ಥಮಾಡಿಕೊಳ್ಳುವುದಿಲ್ಲ. ಮಿಷನ್ನಿನ ಸಭೆಗಳಲ್ಲಿ ಹೆಂಗಸರು ಬಾಯಿ ತೆರೆಯುವಂತಿಲ್ಲ ಎಂಬ ನಿಯಮಕ್ಕೆ ಸೇಂಟ್ ಪಾಲ್ ಹೊಣೆಯೆಂದು ಮಗಳು ಆ ಸಂತನ ಮೇಲೆಯೇ ಸಿಟ್ಟಾಗುತ್ತಾಳೆ. ಸಿಟ್ಟು ನ್ಯಾಯವಾದದ್ದು. ಆದರೆ ವಾದ ಬಲವಾದಷ್ಟೂ ವ್ಯಕ್ತಿ ಮಸುಕಾಗುವ ಅಪಾಯವಿದೆ. ತಾಯಿ ಬರಿಯ ನೊಂದ ಜೀವವಾಗಿ ಉಳಿದುಬಿಡಬಹುದಾಗಿತ್ತು.

ಹಾಗಾಗದಂತೆ ಕಾಪಾಡಿರುವುದು ಕೃತಿಯ ವಿವರಗಳು. ಮಳೆ ಬಾರದ ಒಂದು ಬೇಸಿಗೆಯಲ್ಲಿ, ಈ ಪರದೇಶಿಗಳಿಂದಲೇ ದೇವರು ಮುನಿದಿದ್ದಾನೆಂದು ಊರವರು ರಾತ್ರಿ ಮನೆಗೆ ನುಗ್ಗುವ ಸಂಚು ಮಾಡುತ್ತಾರೆ. ಗಂಡ ಊರಲ್ಲಿಲ್ಲ. ಕ್ಯಾರಿ ನೆಲ ಗುಡಿಸಿ, ಮಕ್ಕಳನ್ನು ಎಬ್ಬಿಸಿ ಕೂರಿಸಿ, ದೀಪ ಹಚ್ಚಿ, ಚಹಾ ಮತ್ತು ಕೇಕ್ ಜೋಡಿಸಿ ಬಾಗಿಲು ತೆರೆದಿಡುತ್ತಾಳೆ. ಕೊಲ್ಲಲು ಬಂದವರು ಅತಿಥಿಗಳಾಗಿ ಚಹಾ ಕುಡಿದು ಹೊರಟುಹೋಗುತ್ತಾರೆ. ಆ ರಾತ್ರಿಯೇ ಮಳೆ! ಮಳೆಯನ್ನು ಪವಾಡವೆನ್ನುವವರು ಎನ್ನಲಿ. ನನಗೆ ಪವಾಡವಾಗಿ ಕಂಡದ್ದು ಗುಡಿಸಿದ ನೆಲ. ಇಂಥ ಹೆಂಗಸನ್ನು ‘ದೇಶಭ್ರಷ್ಟೆ’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಲು ಬರುವುದಿಲ್ಲ. ಮಗಳು ಕೊಟ್ಟ ಹೆಸರಿಗಿಂತ ಮಗಳು ಕಂಡ ತಾಯಿ ದೊಡ್ಡವಳು.

‘ಫೈಟಿಂಗ್ ಏಂಜೆಲ್’ ಬೇರೆ ಹದದ್ದು. ಆಂಡ್ರೂ ತೀರಿಕೊಂಡು ಐದು ವರ್ಷಗಳ ಮೇಲೆ ಬೆಳಕು ಕಂಡ ಈ ಪುಸ್ತಕದಲ್ಲಿ ಕೋಪದ ಜಾಗಕ್ಕೆ ನಗು ಬಂದಿದೆ. ಮದುವೆಯಾದ ಹೊಸತರಲ್ಲಿ ರೈಲು ಹತ್ತಲು ಹೊರಟ ಈ ಮಹಾನುಭಾವ ಕೊಂಡದ್ದು ಒಂದೇ ಟಿಕೇಟು! ಪಕ್ಕದಲ್ಲಿ ಹೆಂಡತಿಯೊಬ್ಬಳಿದ್ದಾಳೆಂಬುದು ತಲೆಯಲ್ಲಿ ಇರಲಿಲ್ಲ. ಇದೊಂದು ಟಿಕೇಟಿನಲ್ಲಿ ನಲವತ್ತೊಂದು ವರ್ಷದ ದಾಂಪತ್ಯವೆಲ್ಲ ಅಡಗಿದೆಯಲ್ಲವೆ? ಆದರೂ ಲೇಖಕಿ ಆತನನ್ನು ಸಣ್ಣವನನ್ನಾಗಿ ಮಾಡುವುದಿಲ್ಲ. ಆತನಿಗೆ ಭಯವಿಲ್ಲ, ಸ್ವಾರ್ಥವಿಲ್ಲ, ಸಂಶಯವೂ ಇಲ್ಲ. ಸಂಶಯವಿಲ್ಲದವರ ಜೊತೆ ಬಾಳುವುದು ಎಷ್ಟು ಕಷ್ಟ ಎಂಬುದನ್ನು ಆಕೆ ನಗುತ್ತಲೇ ತೋರಿಸುತ್ತಾಳೆ. ಪರರ ಆತ್ಮಗಳ ಮೇಲೆ ಅಧಿಕಾರ ನಡೆಸಹೊರಟ ಆ ಕಾಲದ ಮಿಷನರಿ ಮನೋಧರ್ಮವನ್ನು ಸಾಮ್ರಾಜ್ಯಶಾಹಿಯೆಂದೇ ಕರೆಯುವ ಧೈರ್ಯವೂ ಇಲ್ಲಿದೆ. ವಿದೇಶೀ ಮಿಷನ್ನುಗಳು ಬೇಕೇ ಎಂದು 1932ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಬಹಿರಂಗವಾಗಿ ಪ್ರಶ್ನಿಸಿ, ಮರುವರ್ಷ ತನ್ನ ಮಿಷನ್ನಿಗೆ ರಾಜೀನಾಮೆ ಕೊಟ್ಟವಳಿಗೆ ಆ ಧೈರ್ಯ ಸಹಜವೇ.

ಆಂಡ್ರೂವಿನ ಜೀವನದ ಹೆಬ್ಬಯಕೆ ಹೊಸ ಒಡಂಬಡಿಕೆಯನ್ನು ಮೂಲ ಗ್ರೀಕಿನಿಂದ ಜನರಾಡುವ ಚೀನೀ ಭಾಷೆಗೆ ತರುವುದು. ತಂದ, ತಿದ್ದಿದ, ಮತ್ತೆ ಮತ್ತೆ ಅಚ್ಚು ಹಾಕಿಸಿದ. ಹಣ ಬಂದದ್ದು ಎಲ್ಲಿಂದ? ಮನೆಯ ಖರ್ಚಿನಿಂದ. ಮೊದಲೇ ತೆಳುವಾದ ಸಂಬಳ. ಅದರಲ್ಲಿ ಮಿಗಬಹುದಾಗಿದ್ದ ಸಣ್ಣಪುಟ್ಟ ಸುಖಗಳೆಲ್ಲ ಅಚ್ಚುಕೂಟಕ್ಕೆ ಹೋದವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟನ್ನು ಬಿಡಿಸುವಾಗ ನಾವು ಆ ಪಾದ್ರಿಯ ಶ್ರಮವನ್ನು ನೆನೆಯುತ್ತೇವೆ, ನೆನೆಯತಕ್ಕದ್ದೇ. ಅಂಥ ವಿದ್ವಾಂಸರ ಅಡಿಗೆಮನೆಯ ಚರಿತ್ರೆಯನ್ನು ಮಾತ್ರ ನಾವು ಕೇಳುವುದಿಲ್ಲ. ಪರ್ಲ್ ಬಕ್ ಅದನ್ನು ಬರೆದಿದ್ದಾಳೆ.

ಇಲ್ಲಿ ನನ್ನದೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಈ ಪುಸ್ತಕಗಳನ್ನು ಮೊದಲು ಓದಿದಾಗ ನಾನಿನ್ನೂ ವಿದ್ಯಾರ್ಥಿ. ಸಂಪೂರ್ಣವಾಗಿ ಕ್ಯಾರಿಯ ಪಕ್ಷ. ಆಂಡ್ರೂ ನನ್ನ ಪಾಲಿಗೆ ಖಳನಾಯಕ. ಈಚೆಗೆ ಮತ್ತೆ ಓದುತ್ತ ಅಚ್ಚಿನ ಖರ್ಚಿನ ಪ್ರಸಂಗಕ್ಕೆ ಬಂದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಒಂದು ವರ್ಷ ಸೋರುವ ಮಾಡಿನ ರಿಪೇರಿಗೆಂದು ತೆಗೆದಿರಿಸಿದ್ದ ಹಣದಿಂದ ನಾನು ನನ್ನ ಪ್ರಬಂಧಸಂಗ್ರಹ ಅಚ್ಚು ಹಾಕಿಸಿದ್ದೆ. ಆ ಮಳೆಗಾಲವೆಲ್ಲ ಮನೆಯವಳು ಪಾತ್ರೆಗಳನ್ನು ಅಲ್ಲಿಂದಿಲ್ಲಿಗೆ ಸರಿಸಿದಳು. ಒಂದು ಮಾತೂ ಆಡಲಿಲ್ಲ. ಅವಳ ಮೌನವನ್ನು ನಾನು ಒಪ್ಪಿಗೆ ಎಂದುಕೊಂಡಿದ್ದೆ. ಆಂಡ್ರೂವೂ ಹಾಗೆಯೇ ಅಂದುಕೊಂಡಿರಬೇಕು. ಈಗ ಆತನನ್ನು ಕಂಡರೆ ನನಗೆ ಗುರುತು ಹತ್ತುತ್ತದೆ. ಗುರುತು ಹತ್ತಿದ ಮಾತ್ರಕ್ಕೆ ಕ್ಷಮಿಸಬೇಕೆಂದು ಅನ್ನಿಸುವುದಿಲ್ಲ. ಮಗಳ ನಿಲುವೂ ಇದೇ. ಅವಳು ತಂದೆಯನ್ನು ಅರಿತಿದ್ದಾಳೆ, ಬಿಡುಗಡೆ ಮಾಡಿಲ್ಲ.

ಕೊನೆಯ ವರ್ಷಗಳ ಭಾಗ ಎರಡರಲ್ಲೂ ಶ್ರೇಷ್ಠವಾಗಿದೆ. 1914ರಲ್ಲಿ ಕಾಲೇಜು ಮುಗಿಸಿ ಮಗಳು ಚೀನಾಕ್ಕೆ ಮರಳಿದ್ದೇ ತಾಯಿಯ ಕಾಯಿಲೆಯ ಸುದ್ದಿ ಕೇಳಿ. ಸ್ಪ್ರೂ ಎಂಬ ಕರುಳಿನ ಬೇನೆ ಕ್ಯಾರಿಯನ್ನು ಏಳು ವರ್ಷ ಸವೆಸಿತು. ಒಂದೇ ಸೂರಿನಡಿ ಇಬ್ಬರು ಮುದುಕರು: ಒಬ್ಬಳಿಗೆ ತಾನು ಬಿಟ್ಟುಬಂದ ಗುಡ್ಡಬೆಟ್ಟಗಳ ಹಂಬಲ, ಒಬ್ಬನಿಗೆ ಇನ್ನೂ ತಲುಪದ ಹಳ್ಳಿಗಳ ಚಿಂತೆ. ಹೆಂಡತಿ ಹೋದ ಮೇಲೆ ಆಂಡ್ರೂ ನಾನ್‌ಜಿಂಗಿನಲ್ಲಿದ್ದ ಮಗಳ ಮನೆ ಸೇರುತ್ತಾನೆ. ಹೊಸ ತಲೆಮಾರಿನ ಪಾದ್ರಿಗಳಿಗೆ ಈ ಮುದುಕ ಬೇಡವಾಗಿದ್ದಾನೆ. ಅಂಚೆಯ ಮೂಲಕ ಪಾಠ ಹೇಳುವ ಕೆಲಸವನ್ನು ಹಿಡಿದು ಹಟದಿಂದ ದುಡಿಯುತ್ತಾನೆ. 1927ರ ಗಲಭೆಯಲ್ಲಿ, ಬಡ ಚೀನೀ ಹೆಂಗಸೊಬ್ಬಳ ಗುಡಿಸಲಿನಲ್ಲಿ ಅಡಗಿ ಈ ಸಂಸಾರ ಜೀವ ಉಳಿಸಿಕೊಳ್ಳುತ್ತದೆ. ಆತ ಮೊದಲ ಸಲ ಮಗಳ ಕಣ್ಣಿಗೆ ಒಬ್ಬ ಒಂಟಿ ಮನುಷ್ಯನಾಗಿ ಕಾಣುವುದು ಈ ವರ್ಷಗಳಲ್ಲೇ. ನನಗೂ ಹಾಗೆಯೇ ಕಂಡ.

ಕೊರತೆಯೊಂದನ್ನು ಹೇಳಲೇಬೇಕು. ಈ ದಂಪತಿಗಳು ಚೀನಾದಲ್ಲಿ ಬಾಳಿದರು, ಆದರೆ ತಾಯಿಯ ಪುಸ್ತಕದಲ್ಲಿ ಚೀನಾ ಬಹಳ ಸಲ ತೋಟದ ಗೋಡೆಯ ಆಚೆಯ ಗದ್ದಲವಾಗಿಯೇ ಉಳಿಯುತ್ತದೆ. ಮಕ್ಕಳನ್ನು ಸಾಕಿದ ದಾದಿ ವಾಂಗ್ ಅಮಾಳಂಥ ಒಬ್ಬಿಬ್ಬರನ್ನು ಬಿಟ್ಟರೆ ಬಾಗಿಲಿಗೆ ಬಂದ ಹೆಂಗಸರಿಗೆ ಮುಖವಿಲ್ಲ. ‘ಗುಡ್ ಅರ್ತ್’ ಬರೆದ ಲೇಖನಿಯಿಂದ ಇದನ್ನು ನಾವು ನಿರೀಕ್ಷಿಸುವುದಿಲ್ಲ. ಕ್ಯಾರಿಯ ದುಃಖವನ್ನು ಆ ಹೆಂಗಸರು ಹೇಗೆ ಕಂಡರೋ!

ಕಲೆಯ ದೃಷ್ಟಿಯಿಂದ ತಂದೆಯ ಪುಸ್ತಕವೇ ಮೇಲು ಎಂಬುದು ನನ್ನ ಅಭಿಪ್ರಾಯ. ಪ್ರೀತಿಸಿದವರನ್ನು ಕುರಿತು ಚೆನ್ನಾಗಿ ಬರೆಯುವುದು ಸಾಧ್ಯ. ಪ್ರೀತಿಸಲು ಬಿಡದವರನ್ನು ಕುರಿತು ನ್ಯಾಯವಾಗಿ ಬರೆಯುವುದು ದೊಡ್ಡದು. ಆದರೂ ಅದೊಂದನ್ನೇ ಓದಬೇಡಿ ಎಂದು ಓದುಗರಲ್ಲಿ ನನ್ನ ಕೋರಿಕೆ. ಅದನ್ನು ಮಾತ್ರ ಓದಿದವರಿಗೆ ಆಂಡ್ರೂ ಸೋಜಿಗದ ಮನುಷ್ಯನಾಗಿ ಕಂಡಾನು. ತಾಯಿಯ ಪುಸ್ತಕವನ್ನು ಮೊದಲು ಓದಿದವರಿಗೆ ಆ ಸೋಜಿಗದ ಬೆಲೆಯೂ ಗೊತ್ತಿರುತ್ತದೆ. ನಮ್ಮ ಮನೆಯ ಮಾಡನ್ನು ಮರುವರ್ಷ ಸರಿ ಮಾಡಿಸಿದೆವು. ಆ ಪ್ರಬಂಧಸಂಗ್ರಹದ ಪ್ರತಿಗಳು ಇನ್ನೂ ಅಟ್ಟದ ಮೇಲಿವೆ, ನೆನೆಯದೆ.