ಗೇಟಿನಲ್ಲಿ ಕೆಲಸ, ಕಾಡಿನಲ್ಲಿ ಮಾತಿಲ್ಲ

ಕೊಂಡಪಲ್ಲಿಯ ಅಂಬಾರಿ ಆನೆಯ ಗೊಂಬೆಯನ್ನು ಕೈಗೆತ್ತಿಕೊಂಡರೆ ಮೊದಲು ಬೆರಗಾಗುವುದು ಅದರ ಹಗುರಕ್ಕೆ. ವಿಜಯವಾಡದ ಪಕ್ಕದ ಗುಡ್ಡಗಳ ತೆಲ್ಲ ಪೊಣಿಕಿ ಮರ ಅದು. ನಮ್ಮ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರು ಪೊಳಕಿ ಎನ್ನುವಂಥದೇ ಮೆದು ಮರ. ತುಂಡನ್ನು ಕಾವಿಗಿಟ್ಟು ತೇವ ಆರಿಸಿ, ಕೈಕಾಲು ಬೇರೆ ಬೇರೆ ಕೆತ್ತಿ, ಹುಣಸೆಬೀಜದ ಅಂಟಿಗೆ ಮರದ ಹೊಟ್ಟು ಕಲಸಿ ಕೂಡಿಸುತ್ತಾರೆ. ಈಗ ಮರವೇ ಅಪರೂಪ. ಸಸಿ ನೆಡುವುದೇನೋ ನಡೆದಿದೆ. ನೆಟ್ಟದ್ದು ಉಳಿಗೆ ಒದಗಲು ಎಷ್ಟೋ ವರ್ಷ ಬೇಕು, ಯೋಜನೆಗಳಿಗೆ ಅಷ್ಟು ಆಯುಸ್ಸಿರುವುದಿಲ್ಲ.

ಕಾಡಿನ ಯೋಜನೆಗಳ ಕಥೆಯನ್ನೇ ನೋಡಿ. ಆಂಧ್ರ 1992ರಲ್ಲಿ ಜಂಟಿ ಅರಣ್ಯ ನಿರ್ವಹಣೆಗೆ ಕೈಹಾಕಿ ಊರೂರಿಗೆ ವನ ಸಂರಕ್ಷಣ ಸಮಿತಿ ಕಟ್ಟಿತು. 2002ರಲ್ಲಿ ವಿಶ್ವಬ್ಯಾಂಕಿನ ಸಾಲ ಬಂದಾಗ ‘ಜಂಟಿ’ ಹೋಗಿ ‘ಸಮುದಾಯ’ ಬಂತು. ಬೋರ್ಡು ಬರೆಯುವವರಿಗಂತೂ ಕೆಲಸ ಸಿಕ್ಕಿರಬೇಕು.

ಹೆಸರಿನಾಚೆ ಜನಕ್ಕೆ ಸಿಕ್ಕಿದ್ದೇನು? ವಿಶಾಖಪಟ್ಟಣಕ್ಕೆ ಅಂಟಿಕೊಂಡೇ ಇರುವ ಕಂಬಾಲಕೊಂಡ ವನ್ಯಧಾಮ ಸುಮಾರು 71 ಚದರ ಕಿಲೋಮೀಟರು. ಒಂದು ಕಾಲಕ್ಕೆ ವಿಜಯನಗರಂ ಮಹಾರಾಜರದು. ಒಳಗೆ ಚಿರತೆ, ಹೊರಗೆ ಹೆದ್ದಾರಿ. ಇಲ್ಲಿನ ಪರಿಸರ ಪ್ರವಾಸೋದ್ಯಮದಿಂದ ಆಸುಪಾಸಿನ ಬುಡಕಟ್ಟಿನವರಿಗೆ ದುಡಿಮೆ ಸಿಕ್ಕಿದೆ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ: ನಿಂತ ಮರದಿಂದ ಸಂಬಳ ಬರುವ ಮನೆಯವರು ಕೊಡಲಿ ಎತ್ತುವ ಮುಂಚೆ ಯೋಚಿಸುತ್ತಾರೆ. ಆದರೆ ಸಮಿತಿಗಳ ಮೂಲ ಒಪ್ಪಂದ ಬೇರೆಯೇ ಇತ್ತು. ಕಾಡು ಕಾಯಿರಿ, ಹುಲ್ಲು, ಸೌದೆ, ಮರದಲ್ಲಿ ಪಾಲು ತಗೊಳ್ಳಿ ಎಂಬುದು ಆ ಮಾತು. ವನ್ಯಧಾಮಗಳಿಂದ ಒಣಗಿದ ಮರ, ಹುಲ್ಲು ಕೂಡ ತೆಗೆಯಕೂಡದೆಂದು ಸುಪ್ರೀಂ ಕೋರ್ಟು 2000ದಲ್ಲಿ ಹೇಳಿದ ಮೇಲೆ ಆ ಪಾಲಿಗೆ ಅಲ್ಲಿ ಜಾಗವೆಲ್ಲಿ? ಕೂಲಿಯೊಂದೇ ಉಳಿಯಿತು. ಕೂಲಿಯವರನ್ನು ಪಾಲುದಾರರೆಂದು ಕರೆಯುವುದು ಸರ್ಕಾರಿ ಕನ್ನಡದಲ್ಲೂ ಸರಿ, ಸರ್ಕಾರಿ ತೆಲುಗಿನಲ್ಲೂ ಸರಿ, ಸುಳ್ಳೇ.

ಈ ಕೂಲಿಗಿಂತ ಗಟ್ಟಿ ನೆಲೆ ಇರುವುದು ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ. ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ, ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಬುಡಕಟ್ಟಿನವರಾದ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ದೊರೆಯಿತು. ಜೇನು, ನೆಲ್ಲಿಕಾಯಿ ಈಗ ಯಾರದೋ ದಯೆಯಲ್ಲ, ಕಾನೂನಿನ ಹಕ್ಕು. ಅಲ್ಲೂ ಕಾಡನ್ನು ನೋಡಿಕೊಳ್ಳುವ ಬಗೆ ಮಾತ್ರ ಸೋಲಿಗರ ಕೈಗೆ ಬಂದಿಲ್ಲ. ಬೇಸಿಗೆಯ ಮೊದಲಲ್ಲಿ ಅವರು ಹಚ್ಚುತ್ತಿದ್ದ ತರಗುಬೆಂಕಿ ನೆಲದ ಎಲೆಯನ್ನಷ್ಟೇ ಸುಟ್ಟು ಸಾಗುತ್ತಿತ್ತು. ಅದಕ್ಕೆ ತಡೆ ಬಿದ್ದ ಮೇಲೆ ಲಂಟಾನ ಹಬ್ಬಿತು, ನೆಲ್ಲಿಮರಗಳ ಮೇಲೆ ಉಪ್ಪಿಲು ಬದನಿಕೆ ಏರಿತು ಎನ್ನುತ್ತಾರೆ ಸೋಲಿಗರು. ನೆಲ್ಲಿಕಾಯಿಗೆ ಹಕ್ಕುಪತ್ರವಿದೆ, ನೆಲ್ಲಿಮರ ಉಪ್ಪಿಲು ಹೊತ್ತು ಒಣಗುತ್ತಿದೆ.